ನೀಲಾಳ ಅರವಟ್ಟಿಗೆ

ಸೂರ್ಯ ಮಂಕಾಗಿ ಬಳ್ಳಾರಿಯಲ್ಲಿ ಹಿಮ ಬೀಳತೊಡಗಿದ ಮೇಲೂ ದಾರಿಯ ಅರವಟ್ಟಿಗೆಗಳು ಮುಚ್ಚಲಿಲ್ಲ. ವಾಹನಗಳು ನಿಂತುಹೋಗಿದ್ದವು. ಔಷಧಿ ಹೊತ್ತು ಓಡುವವರಿಗೆ ನೀರು ಕೊಡುವುದು ಪುಣ್ಯ, ಅವರು ಬೇಡವೆಂದರೆ ಊರಿಗೆ ಅವಮಾನ. ಔಷಧಿ ಹೊತ್ತು ಹೊರಟ ನನ್ನ ತಂಗಿ ನೀಲಾ ಎಲ್ಲ ಅರವಟ್ಟಿಗೆಗಳಲ್ಲೂ ನೀರು ಕುಡಿದು ನಮ್ಮೂರು ತಲುಪಿದಳು. ಆ ಚಳಿಯಲ್ಲಿ ಮೈಮೇಲೆ ಒಂದು ಹನಿ ಬೆವರೂ ಇರಲಿಲ್ಲ. ಊದಿದ ಬೆರಳಿನಲ್ಲಿ ಉಂಗುರ ಹೂತುಹೋಗಿತ್ತು.

"ಯಾರವ್ವಾ ನೀನು?" ಎಂದು ನನ್ನನ್ನೇ ಕೇಳಿದಳು.

"ಹುಲಿಗೆಮ್ಮತ್ತೆ, ಈಕಿಗೆ ನೀರು ಬ್ಯಾಡ! ನೀರು ಹೆಚ್ಚಾಗಿ ರಕ್ತದಾಗಿನ ಉಪ್ಪು ಕಡಿಮಿ ಆಗೈತಿ. ಉಪ್ಪು ಕೊಡ್ರಿ," ಎಂದೆ.

"ದಣಿದು ಬಂದಾಕಿಗೆ ಉಪ್ಪು ತಿನ್ಸಬೇಕಂತ! ಕಾಲೇಜು ಕಲ್ತಾಕಿ ಮಾತು ಕೇಳ್ರವ್ವಾ!" ನಮ್ಮೂರ ಅರವಟ್ಟಿಗೆ ನೋಡಿಕೊಳ್ಳುತ್ತಿದ್ದ ಹುಲಿಗೆಮ್ಮ ನನ್ನನ್ನು ಸರಿಸಿ ನೀಲಾಳಿಗೆ ಇನ್ನೊಂದು ಚೊಂಬು ನೀರು ಕುಡಿಸಿದಳು.

ನೀಲಾ ಸಂಜೆಯೊಳಗೆ ತೀರಿಕೊಂಡಳು. ಎಷ್ಟು ಕುಡಿದರೂ ತೀರದ ದಾಹದಿಂದ ಸತ್ತಳೆಂದು ಊರವರು ಅವಳ ಹೆಸರಿನಲ್ಲಿ ಇನ್ನೊಂದು ಅರವಟ್ಟಿಗೆ ಕಟ್ಟಿಸಿದರು. ಮೊದಲ ಚೊಂಬನ್ನು ನನ್ನ ಕೈಯಿಂದಲೇ ಕೊಡಿಸಿದರು.