ಹೂಂ ಅನ್ನುವ ವಕೀಲರು

“ಮಾರೋರಿಗೆ ಅಕ್ಕ-ತಂಗಿ ಯಾರಾದ್ರೂ ಅದಾರೇನ್ರಿ?” ಎಂದು ವಕೀಲೆ ಗಂಗಾಂಬಿಕಾ ಕೇಳಿದ ಕೂಡಲೇ ಸಿದ್ದಲಿಂಗೇಶನಿಗೆ ಅವರ ಮೇಲಿದ್ದ ಅರ್ಧ ನಂಬಿಕೆ ಹೋಯಿತು. ಅವನು ಬಂದದ್ದು ಹೊಲ ಕೊಳ್ಳುವ ಮಾತಾಡಲು. ಮಲಪನಗುಡಿಯ ಹತ್ತಿರ, ಹಂಪಿಗೆ ಹೋಗುವ ರಸ್ತೆಗೇ ಮುಖ ಮಾಡಿಕೊಂಡಿರುವ ಹೊಲ. ಅಲ್ಲೊಂದು ಲಾಡ್ಜ್ ಕಟ್ಟಬೇಕೆಂದು ಕಂಪ್ಲಿಯಲ್ಲಿದ್ದ ಅಪ್ಪನ ಕಾಲದ ರೈಸ್ ಮಿಲ್ಲನ್ನೇ ಮಾರಿ ಕೂತಿದ್ದ. ಅಂಥವನ ಮುಂದೆ ಅಕ್ಕ-ತಂಗಿಯರ ವಿಚಾರಣೆ ಮಾಡಲು ಇದೇನು ಹೆಣ್ಣು ನೋಡುವ ಶಾಸ್ತ್ರವೇ?

ಒಬ್ಬಳು ತಂಗಿ ಇದ್ದಾಳೆ, ಎಲ್ಲಮ್ಮ ಅಂತ, ಸಂಡೂರಿಗೆ ಕೊಟ್ಟಿದ್ದಾರೆ ಎಂದ. ಮದುವೆಯಲ್ಲಿ ಬಂಗಾರ ಹಾಕಿದ್ದಾರೆ. ಹೊಲ ಮಾರುವ ಅಣ್ಣ ಹೊನ್ನೂರಸ್ವಾಮಿ ಪಂಚಮಿ ಬಂತೆಂದರೆ ತಂಗಿಯನ್ನು ಕರೆಸಿ, ಸೀರೆ ಕೊಟ್ಟು, ಉಡಿ ತುಂಬಿ ಕಳಿಸುತ್ತಾನೆ. ಅವಳಿಗೆ ಕೊಡುವುದು ಇನ್ನೇನು ಉಳಿದಿದೆ ಎಂದು ತಾನೇ ಅಣ್ಣನೆಂಬಂತೆ ವಾದಿಸಿದ.

“ಉಡಿ ತುಂಬಿದ್ರ ಪಾಲು ಕೊಟ್ಟಂಗ ಆಗಂಗಿಲ್ರಿ,” ಎಂದರು ಗಂಗಾಂಬಿಕಾ, ಕಾಗದಗಳನ್ನು ಅವನ ಕಡೆಗೆ ಸರಿಸಿ. “ಹೊಲ ಅವರಪ್ಪಂದು. ಆಕಿ ಸಹಿ ಇಲ್ದ ತಗೋಬ್ಯಾಡ್ರಿ.”

ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಸಿದ್ದಲಿಂಗೇಶ ಮರ್ಯಾದಸ್ಥ, ಎದ್ದು ಬಂದನಷ್ಟೇ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಯಾಗಿತ್ತು. ಸಹಿ ಗಿಹಿ ಎಂದು ಕೂತರೆ ಹೊಲ ಇನ್ನೊಬ್ಬರ ಪಾಲಾದೀತೆಂಬ ಹೆದರಿಕೆ. ಹೆದರಿಕೆಯನ್ನು ಯಾರಾದರೂ ಹೊರಗೆ ತೋರಿಸಿಕೊಳ್ಳುತ್ತಾರೆಯೇ? ಅದರ ಬದಲು ವಕೀಲಮ್ಮನನ್ನು ಬೈಯುತ್ತ ಹೊರಟ. ಮಿರ್ಚಿ ಅಂಗಡಿ, ಕ್ಷೌರದಂಗಡಿ, ಬಸ್ ಸ್ಟ್ಯಾಂಡು ಎನ್ನದೆ, ಗೊತ್ತಿದ್ದವರು ಗೊತ್ತಿಲ್ಲದವರು ಎನ್ನದೆ ಹೇಳಿದ್ದೇ ಹೇಳಿದ. ಹೊನ್ನೂರಸ್ವಾಮಿಯ ಹೊಲಕ್ಕೆ ಸಂಡೂರಿನ ತಂಗಿಯ ಸಹಿ ಬೇಕಂತೆ, ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳಿಗೂ ಪಾಲು ಇರುತ್ತದಂತೆ, ಆಯಮ್ಮನ ಮೆಟ್ಟಿಲು ಹತ್ತಿದರೆ ನೀವು ಕೆಟ್ಟಿರಿ ಅಂತ. ಕೇಳಿದವರು ನಕ್ಕರು. ನಕ್ಕಷ್ಟೂ ಇವನಿಗೆ ಹುರುಪು ಹೆಚ್ಚಿತು.

ಹೊಸ ವಕೀಲರನ್ನು ಹುಡುಕಲು ಹೆಚ್ಚು ಕಷ್ಟಪಡಲಿಲ್ಲ. ಭತ್ತ ಕೊಳ್ಳುವಾಗ ಚೀಲದ ತಳಕ್ಕೆ ಕೈಹಾಕಿ, ಕಾಳು ತೆಗೆದು, ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದ ಮನುಷ್ಯ ವಕೀಲರ ವಿಷಯದಲ್ಲಿ ಚೀಲದ ಬಣ್ಣಕ್ಕೇ ಒಪ್ಪಿಬಿಟ್ಟ. ಈಶ್ವರ್ ವಕೀಲರ ಆಫೀಸಿನಲ್ಲಿ ಎ.ಸಿ. ಇತ್ತು. ಶಾಲು ಹೊದ್ದ ಫೋಟೋಗಳು ಗೋಡೆ ತುಂಬ ಇದ್ದವು. ಬಂದವರಿಗೆ ಬಾದಾಮಿ ಹಾಲು ಬರುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅವರನ್ನು ತೋರಿಸಿಕೊಟ್ಟವನು ಹೊಲ ಮಾರುವ ಹೊನ್ನೂರಸ್ವಾಮಿಯೇ. ಇಬ್ಬರಿಗೂ ಒಬ್ಬರೇ ವಕೀಲರಾದರೆ ಜಗಳಕ್ಕೆ ಜಾಗವೆಲ್ಲಿ ಎಂದು ಅವನು ಹೇಳಿದ್ದು ಸಿದ್ದಲಿಂಗೇಶನಿಗೆ ವೇದವಾಕ್ಯವಾಯಿತು. ಊರಿನ ಹಿರಿಯನೊಬ್ಬ ಹೊಲ ಕೊಡುತ್ತೇನೆಂದಾಗ ನಮ್ಮ ವಕೀಲರನ್ನು ಬೇರೆ ಕರೆದುಕೊಂಡು ಹೋಗುವುದು ಚೆನ್ನಾಗಿರುತ್ತದೆಯೇ, ನಂಬಿಕೆ ಇಲ್ಲ ಅಂದಂತಾಗುವುದಿಲ್ಲವೇ ಎಂದು ಮನೆಯಲ್ಲಿ ಹೆಂಡತಿಗೂ ಬುದ್ಧಿ ಹೇಳಿದ.

ಈಶ್ವರ್ ಕಾಗದದ ಕಟ್ಟನ್ನು ಬಿಚ್ಚಲೇ ಇಲ್ಲ. ಅದರ ಮೇಲೆ ಕೈಯಿಟ್ಟು, “ಇದ್ರಾಗ ಏನ್ ನೋಡೂದೈತ್ರಿ ಸಾವ್ಕಾರ್ರ? ನಿಮ್ಮ ಮುಖದಾಗ ಕಾಣಸ್ತತಿ ಲಾಡ್ಜು,” ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸಿದ್ದಲಿಂಗೇಶ ಬಾದಾಮಿ ಹಾಲನ್ನು ಇನ್ನೊಂದು ಲೋಟ ಕುಡಿದು ಬಂದ.

ರಿಜಿಸ್ಟ್ರೇಷನ್ ಆಯಿತು, ಭೂಮಿಪೂಜೆಯಾಯಿತು. ಲಾಡ್ಜಿನ ಕಂಬಗಳು ಆಳೆತ್ತರ ಎದ್ದ ಹೊತ್ತಿಗೆ ಕೋರ್ಟಿನಿಂದ ತಡೆಯಾಜ್ಞೆ ಬಂತು. ಎಲ್ಲಮ್ಮ ತನ್ನ ಪಾಲು ಕೇಳಿ ಕೇಸು ಹಾಕಿದ್ದಳು. ಆಫೀಸಿಗೆ ಓಡಿಹೋದವನಿಗೆ ಈಶ್ವರ್ ಸಮಾಧಾನವಾಗಿಯೇ ತಿಳಿಸಿ ಹೇಳಿದರು. ತಮ್ಮ ಕೆಲಸ ರಿಜಿಸ್ಟ್ರೇಷನ್ನಿಗೆ ಮುಗಿಯಿತು, ಈ ಕೇಸಿನಲ್ಲಿ ತಾವು ಹೊನ್ನೂರಸ್ವಾಮಿಯ ಪರ ನಿಲ್ಲಬೇಕು, ನೀವು ನಿಮ್ಮ ವಕೀಲರನ್ನು ನೋಡಿಕೊಳ್ಳಿ ಎಂದರು. ಮಿಲ್ಲೂ ಇಲ್ಲ, ಲಾಡ್ಜೂ ಇಲ್ಲ ಎಂಬುದು ಸಿದ್ದಲಿಂಗೇಶನಿಗೆ ಮೊದಲ ಬಾರಿಗೆ ಹೊಳೆದದ್ದು ಅಲ್ಲಿಯ ಮೆಟ್ಟಿಲಿಳಿಯುವಾಗ.

ವಾಯಿದೆಯ ದಿನ ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಎಲ್ಲಮ್ಮ ಕೂತಿದ್ದಳು. ಸಿದ್ದಲಿಂಗೇಶ ಅವಳನ್ನು ನೋಡಿದ್ದು ಅಂದೇ, ಯಾರೋ ಬೆರಳು ಮಾಡಿ ತೋರಿಸಿದಾಗ. ಮೈಯೆಲ್ಲ ಉರಿದುಹೋಯಿತು. ಆ ಗಂಗಾಂಬಿಕಾ ತಾನೇ ನಿನ್ನ ತಲೆ ತುಂಬಿದ್ದು ಎಂದು ನೇರವಾಗಿ ಕೇಳಿಯೇಬಿಟ್ಟ. ಎಲ್ಲಮ್ಮ ಅವಸರದಿಂದ ಎದ್ದು ನಿಂತಳು. ತಾನು ಅವರ ಹತ್ತಿರ ಹೋದದ್ದು ನಿಜ, ಆದರೆ ವಕೀಲಮ್ಮನೇ, ಸಾವ್ಕಾರರು ಮೊದಲೇ ನನ್ನ ಹತ್ತಿರ ಬಂದು ಹೋಗಿದ್ದಾರೆ, ನಿನ್ನ ಕೇಸು ಹಿಡಿಯುವುದು ಧರ್ಮವಲ್ಲ ಎಂದು ಬೇರೆ ವಕೀಲರ ಕಡೆ ಕಳಿಸಿದರು ಎಂದಳು.

“ಹಂಗಾದ್ರ ನಿನಗ ಪಾಲು ಐತಿ ಅಂತ ಹೇಳಿದೋರ್ಯಾರು?”

ಎಲ್ಲಮ್ಮನಿಗೆ ಆಶ್ಚರ್ಯವಾಯಿತು. ಅವಳ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ತವರಿನ ಹಿರಿಯರಿಗೆ ಮುಗಿಯುವಂತೆ ಎರಡೂ ಕೈ ಜೋಡಿಸಿದಳು.

“ನೀವ ಹೇಳಿದ್ರಲ್ರಿ ಸಾವ್ಕಾರ್ರ, ಊರೆಲ್ಲ. ನಮ್ಮ ಓಣಿ ತನಕ ಬಂತ್ರಿ ನಿಮ್ಮ ಮಾತು. ಒಡಹುಟ್ಟಿದಣ್ಣ ಒಂದಿನ ಬಾಯಿ ಬಿಡ್ಲಿಲ್ಲ. ದೇವ್ರು ನಿಮ್ಮನ್ನ ಚಲೋ ಇಟ್ಟಿರ್ಲಿ.”