ಗುಲಗಂಜಿಯ ತೂಕ

ಗುಲಗಂಜಿ ಕಂಡರೆ ಈಗಲೂ ನನ್ನ ಬೆರಳುಗಳು ಮುದುಡುತ್ತವೆ. ನರಗುಂದದಲ್ಲಿ ಕಂಪನಿ ಸರ್ಕಾರದ ಸಿಪಾಯಿಗಳು ಮನೆಮನೆ ಹೊಕ್ಕು ಆಯುಧ ಹುಡುಕುತ್ತಿದ್ದ ಮಧ್ಯಾಹ್ನ ಅದು. ನಮ್ಮ ಕಾಕಾ ಅಂಗಳದಲ್ಲಿ ಕರಟದ ತಕ್ಕಡಿ ಹಿಡಿದು, ಗಾಳಿಪಟದ ಬಿದಿರುಕಡ್ಡಿಗಳನ್ನು ಗುಲಗಂಜಿಯಿಟ್ಟು ತೂಗುತ್ತಿದ್ದ.

“ಬಂದೂಕಿನ ಮದ್ದು ತೂಗ್ತೀ ಏನಲೇ?” ಎಂದು ಅವರ ಜಮಾದಾರ ಅವನ ಬಾಯಿಗೆ ಒದ್ದ.

“ಪಟದ ಕಡ್ಡಿರೀ, ಸಾಹೇಬ್ರ. ಎರಡೂ ಕಡೆ ಸಮ ಇದ್ರ ವಾಲಂಗಿಲ್ರಿ,” ಕಾಕಾ ರಕ್ತ ಉಗುಳಿ ಹೇಳಿದ.

“ಖರೇ ಇದ್ರ ಹಾರಿಸಿ ತೋರ್ಸು.”

ಸಾಕ್ಷಿ ಕೇಳಿದವನು ಅವನೇ, ನೆನಪಿರಲಿ. ಕಾಕಾ ಹಾರಿಸಿದ. ಪಟ, ಕಂಪನಿಗೆ ತಿರುಗಿಬಿದ್ದವರಿದ್ದ ಕೋಟೆಗುಡ್ಡದ ಎತ್ತರಕ್ಕೇರಿತು.

“ಹಂಗಾರ ಕ್ವಾಟಿ ಮಂದಿಗೆ ಸುದ್ದಿ ಮುಟ್ಟಸ್ತೀ!” ಎಂದವನೇ ಕಾಕಾನ ಕೈಯನ್ನು ಕಲ್ಲಿಗೊತ್ತಿ, ಬಂದೂಕಿನ ಹಿಡಿಯಿಂದ ಜಜ್ಜಿದ.

ಅಜ್ಜಿ ಚೀರಿದಳು. ಜಜ್ಜಿಹೋದ ಬೆರಳುಗಳಿಗೆ ದಾರ ಸುತ್ತಿಕೊಂಡೇ ಇತ್ತು. ಮೇಲೆ ಪಟ ಎಳ್ಳಷ್ಟೂ ವಾಲಿರಲಿಲ್ಲ.