ಸೆವ್ರಿನ್ ಬಾಯಿಯ ಜಪ

ಇಗರ್ಜಿ ಜಾಗದ ಮೂಲೆಯ ಮನೆಯಲ್ಲಿ ಸೆವ್ರಿನ್ ಬಾಯಿ ಮೂವತ್ತೆಂಟು ವರ್ಷದಿಂದ ಇದ್ದಾಳೆ. ಇಗರ್ಜಿ ಗುಡಿಸುವುದು, ಬಲಿಪೀಠದ ಬಟ್ಟೆ ಒಗೆಯುವುದು ಅವಳ ಕೆಲಸ. ಆ ಬೆಳಿಗ್ಗೆ ಫಾದರ್ ಓಡೋಡಿ ಬಂದರು.

"ಬಾಯಿ, ತೆರಿಗೆಯವರು ಬರ್ತಿದ್ದಾರೆ. ಪ್ರಾರ್ಥನೆಯ ಜಾಗಕ್ಕೆ ತೆರಿಗೆ ಇಲ್ಲ, ಜನ ವಾಸ ಇದ್ದರೆ ಉಂಟು. ನೀವು ಜಪಕ್ಕೆ ಬಂದವರು ಅಂತ ಹೇಳಿ."

"ಸುಳ್ಳು ಹೇಳುದಾ ಫಾದರ್?"

"ಇಗರ್ಜಿಗೋಸ್ಕರ ಅಲ್ವಾ?"

ಅವಳು ಚಾಪೆ ಸುತ್ತಿಟ್ಟು, ಜಪಸರ ಹಿಡಿದು ಒಲೆಯ ಮುಂದೆಯೇ ಮೊಣಕಾಲೂರಿದಳು.

ಬಂದ ಅಧಿಕಾರಿ ಮೂಗರಳಿಸಿದ. "ಗಂಜಿಯ ಪರಿಮಳ ಬರ್ತದಲ್ಲ ಅಮ್ಮ?"

"ಉಪವಾಸ ಬಿಡ್ಲಿಕ್ಕೆ ಮಾರಾಯ್ರೇ!"

ಅವನು ನಕ್ಕುಬಿಟ್ಟ. 'ಇಲ್ಲಿ ಯಾರೂ ವಾಸವಿಲ್ಲ' ಎಂದು ಬರೆದು, ಅವಳಿಂದಲೇ ಸಾಕ್ಷಿ ಸಹಿ ಹಾಕಿಸಿ, ಒಂದು ಪ್ರತಿಯನ್ನು ಫಾದರ್ ಕೈಗೆ ಕೊಟ್ಟು ಹೋದ.

"ಅಬ್ಬ, ಗೆದ್ದೆವು!" ಸೆವ್ರಿನ್ ಬಾಯಿ ಮೊಣಕಾಲು ತಿಕ್ಕುತ್ತಾ ಎದ್ದು ಗಂಜಿ ಬಡಿಸಿದಳು. "ನೀವೂ ಸ್ವಲ್ಪ ಉಣ್ಣಿ ಫಾದರ್."

ಫಾದರ್ ಉಂಡರು. ಕೈ ಒರೆಸಿಕೊಂಡು ಆ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡರು.

"ಮುಂದಿನ ವಾರ ಇಲ್ಲಿ ಅಂಗಡಿ ಕಾಂಪ್ಲೆಕ್ಸಿನ ಕೆಲಸ ಶುರು, ಬಾಯಿ. ಎಬ್ಬಿಸ್ಲಿಕ್ಕೆ ಇಲ್ಲಿ ಯಾರೂ ಇಲ್ಲ ಅಂತ ನೀವೇ ಸಹಿ ಹಾಕಿದ್ದೀರಲ್ಲ."